ಅಕ್ಕನ ಹಲ್ಲು ಮತ್ತು ಬಜೆಟ್ ಭಾಷಣ

ಬಜೆಟ್ ದಿನ ನಮ್ಮಕ್ಕ ಹಲ್ಲು ಕೀಳಿಸಿಕೊಂಡು ಬಂದಳು.

ನಾನು ಪಕ್ಕದ ಮನೆಯ ಮೂರ್ತಿಗಳ ಜೊತೆ ಹೊಸ ಟೀವಿಯ ಮುಂದೆ ಕೂತಿದ್ದೆ. ಹಣಕಾಸು ಮಂತ್ರಿ ಓದುತ್ತಿದ್ದರು, ಸಂಸದರು ಮೇಜು ಕುಟ್ಟುತ್ತಿದ್ದರು. ಅಕ್ಕ ಬಾಯಲ್ಲಿ ಹತ್ತಿ ಕಚ್ಚಿಕೊಂಡು ಒಳಗೆ ಬಂದಳು.

"ನೋಡಿ ಸಾರ್, ನಮ್ಮನೆ ಫೈನಾನ್ಸ್ ಮಿನಿಸ್ಟರ್ ಬಂದ್ರು!" ಅಂದೆ.

"ಮೇಡಂ, ನಮಗೂ ಸ್ವಲ್ಪ ಟ್ಯಾಕ್ಸ್ ಕಮ್ಮಿ ಮಾಡಿ," ಅಂದರು ಮೂರ್ತಿಗಳು.

ಅಕ್ಕ ನಗಲಿಲ್ಲ. (ಹತ್ತಿ ಕಚ್ಚಿಕೊಂಡು ಹೇಗೆ ನಗುತ್ತಾಳೆ?) ಸೀದಾ ಹೋಗಿ ನಮ್ಮ ಕಾಫಿಗೆ ಹಾಲಿಟ್ಟಳು.

ಈ ಬಿರುದು ನಾನೇ ಕೊಟ್ಟದ್ದು. ಅಕ್ಕ ಮದುವೆಯಾಗಲಿಲ್ಲ. ಬನಶಂಕರಿಯ ನಮ್ಮ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಅವಳ ದುಡಿಮೆ, ನನ್ನ ಅಂಗಡಿಯ ದುಡ್ಡು ಎರಡೂ ಅವಳ ಬೀರುವಿನಲ್ಲೇ ಇರುತ್ತವೆ. ಖರ್ಚೆಲ್ಲ ಅವಳ ಕೈಯಲ್ಲೇ.

ಸಂಜೆ ಕೇಳಿದೆ. "ಯಾಕಕ್ಕ ಕೀಳಿಸ್ದೆ? ಉಳಿಸೋಕೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು. ಡಾಕ್ಟ್ರು ರೂಟ್ ಕೆನಾಲ್ ಮಾಡ್ಸಿ ಅಂದಿದ್ರು. ಅದಕ್ಕೇ ದುಡ್ಡು ಎತ್ತಿಟ್ಟಿದ್ದೆ. ಅಷ್ಟರಲ್ಲಿ ನೀನು ಟೀವಿ ಅಂದೆ."

"ನೋವು ಅಂತ ನಂಗೆ ಹೇಳ್ಬೋದಿತ್ತಲ್ಲ?"

"ಹೇಳ್ದೆ ಕಣೋ. ನೀನು ಮ್ಯಾಚ್ ನೋಡ್ತಿದ್ದೆ. 'ಲವಂಗ ಇಟ್ಕೋ' ಅಂದೆ."

ಮೈಯೆಲ್ಲ ಉರಿದುಹೋಯಿತು. ಬೇರೆ ಯಾರ ಮೇಲೂ ಅಲ್ಲ, ನನ್ನ ಮೇಲೇ.

ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ದೆಹಲಿಯ ಪದ್ಧತಿಗಳು ಗೊತ್ತು. ಬಜೆಟ್‌ಗೆ ಮುಂಚೆ ಹಣಕಾಸು ಮಂತ್ರಿ ದೊಡ್ಡ ಬಾಣಲೆಯಲ್ಲಿ ಹಲ್ವ ಕಲಕುತ್ತಾರೆ. ಬಜೆಟ್ ದಿನ ಕೆಂಪು ಚೀಲ ಹಿಡಿದು ಫೋಟೋಗೆ ನಿಲ್ಲುತ್ತಾರೆ. ಎಲ್ಲ ಚೆಂದ. ಆದರೆ ಆ ಕುರ್ಚಿಯ ನಿಜವಾದ ಕೆಲಸ ಬೇರೆ. ರಕ್ಷಣೆ, ರೈಲ್ವೆ, ಯಾವ ಖಾತೆಯವರು ಕೈಚಾಚಿದರೂ "ಅಷ್ಟು ಆಗುವುದಿಲ್ಲ" ಅನ್ನುವುದು.

ಹಾಗೆ ಅನ್ನಲಾಗದವರು ಮಂತ್ರಿಯಲ್ಲ, ಬೀಗದ ಕೈ ನೇತುಹಾಕುವ ಮೊಳೆ.

ನಮ್ಮಕ್ಕನನ್ನು ನಾನು ಮೊಳೆ ಮಾಡಿಟ್ಟಿದ್ದೆ. ಸ್ಕೂಟರ್ ಅಂದೆ, ಕೊಟ್ಟಳು. ಟೀವಿ ಅಂದೆ, ಕೊಟ್ಟಳು. ಕೊಡದೆ ಏನು ಮಾಡುತ್ತಾಳೆ? ಮನೆ ನನ್ನ ಹೆಸರಿನಲ್ಲಿದೆ! ಇಲ್ಲ ಅಂದರೆ ತಮ್ಮನ ಮುಖ ಊದುತ್ತದೆ ಅಂತ ಅವಳಿಗೆ ಗೊತ್ತು. ಹಾಗಾಗಿ ಯಾವಾಗಲೂ ತನ್ನ ಖರ್ಚನ್ನೇ ಕತ್ತರಿಸಿದಳು. ಈ ಸಲ ಹಲ್ಲು ಹೋಯಿತು. ಅದು ಮತ್ತೆ ಬರುವುದಿಲ್ಲ.

ಪಾರ್ಕಿನಲ್ಲಿ ದಿನಾ ಈ ಜೋಕು ಕೇಳಿಸುತ್ತದೆ. "ನಮ್ದೇನಿದೆ ಸಾರ್, ಮನೇಲಿ ಎಲ್ಲಾ ಫೈನಾನ್ಸ್ ಮಿನಿಸ್ಟರ್ರೇ." ಹೆಂಡತಿಗೆ, ತಾಯಿಗೆ, ಅಕ್ಕನಿಗೆ ಬಿರುದು ಕೊಟ್ಟು ಗಹಗಹಿಸುತ್ತೇವಲ್ಲ, ನಮಗೆ ನಾಚಿಕೆ ಬೇಡವೇ?

ಸ್ವಾಮಿ, ನಿಮ್ಮನೆಯ ಫೈನಾನ್ಸ್ ಮಿನಿಸ್ಟರ್ ಕೊನೆಯ ಸಲ ನಿಮಗೆ "ಆಗಲ್ಲ" ಅಂದದ್ದು ಯಾವಾಗ?