ನಾನು ಸಜ್ಜು ಮಾಡಿದ ಸೈಕಲ್

ನಾನು ಚಿಕ್ಕವಳಿದ್ದಾಗ ನಮ್ಮೂರು ಸಾಲಗುಂದಕ್ಕೆ ಚಳಿ ಕಾಲುವೆಯ ಕಡೆಯಿಂದ ಬರುತ್ತಿತ್ತು. ಮುಂಜಾನೆ ಭತ್ತದ ಗದ್ದೆಗಳ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿರುತ್ತಿತ್ತೆಂದರೆ, ಎದುರಿಗೆ ಬರುವ ಎತ್ತಿನ ಕೊರಳಗಂಟೆ ಮೊದಲು ಕೇಳಿಸಿ, ಎತ್ತು ಆಮೇಲೆ ಕಾಣುತ್ತಿತ್ತು. ಆಗ ನಾನು ಸಿಂಧನೂರಿನ ಹೈಸ್ಕೂಲಿಗೆ ಹೋಗುತ್ತಿದ್ದೆ. ಮಂಜಿನಿಂದಾಗಿ ಬಸ್ಸು ತಡವಾಗಿ ಬಂದು ದಿನವೂ ಮೊದಲ ಪಾಠ ತಪ್ಪತೊಡಗಿತು. ನಾನು ಅತ್ತುಬಿಟ್ಟೆ. ಅಪ್ಪ ಮನೆಯ ಸೈಕಲ್ ತೋರಿಸಿ, "ತಯಾರ್ ಮಾಡ್ಕೊ. ನಾಳಿಂದ ಅದರ ಮ್ಯಾಲೇ ಹೋಗು" ಎಂದ.

ಅಂದು ಭಾನುವಾರ. ಇಡೀ ದಿನ ನಾನು ಅಂಗಳ ಬಿಟ್ಟೇಳಲಿಲ್ಲ. ಚೈನಿಗೆ ಸುತ್ತಿಕೊಂಡಿದ್ದ ಭತ್ತದ ಹುಲ್ಲನ್ನು ಬಿಡಿಸಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಸವರಿದೆ. ಇಬ್ಬನಿಗೆ ಜಾರದಿರಲೆಂದು ಬ್ರೇಕಿಗೆ ಹೊಸ ರಬ್ಬರು ಹಾಕಿದೆ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೆಯ ಡೈನಮೊ ಮತ್ತು ದೀಪವನ್ನು ಉಜ್ಜಿ ಕೂಡಿಸಿದೆ. ತಣ್ಣನೆಯ ಹ್ಯಾಂಡಲ್ಲಿಗೆ ಅಕ್ಕ ತನ್ನ ಹಳೆಯ ಸೀರೆಯ ಅಂಚನ್ನು ಸುತ್ತಿಕೊಟ್ಟಳು. ಗಾಲಿ ತಿರುವಿದಾಗ ದೀಪ ಹೊತ್ತಿಕೊಂಡಿತು. ಅಕ್ಕ ಚಪ್ಪಾಳೆ ತಟ್ಟಿದಳು. ನನ್ನ ಕೈ ಮೊಣಕೈವರೆಗೂ ಕಪ್ಪಾಗಿತ್ತು.

ಸಂಜೆ ಅಣ್ಣ ಬಂದ. ಅವನು ಶಾಲೆಯನ್ನು ತಾನಾಗಿಯೇ ಬಿಟ್ಟವನು. ಸೈಕಲ್ಲಿನ ಗಂಟೆ ಬಾರಿಸಿ ನೋಡಿ, "ನಾಳಿ ಮುಂಜಾನಿ ನನಗ ಸಿಂಧನೂರಾಗ ಕೆಲಸ ಐತಿ. ಇದನ್ನ ನಾ ಒಯ್ತೀನಿ" ಎಂದ. ಗೆಳೆಯರ ಜೊತೆ ಹೋಟೆಲಿನಲ್ಲಿ ಕೂತು ಚಹಾ ಕುಡಿಯುವುದೇ ಅವನ ಕೆಲಸ. ಇದು ಅಪ್ಪನಿಗೂ ಗೊತ್ತಿತ್ತು. ಆದರೂ ಅಪ್ಪ, "ಒಯ್ಯಲಿ ಬಿಡವ್ವ. ಮಂಜಿನಾಗ ಹೆಣ್ಣುಹುಡುಗಿ ಸೈಕಲ್ ಹೊಡ್ಕೊಂಡು ಹೋದ್ರ ಚಂದ ಕಾಣತೈತೇನು?" ಎಂದುಬಿಟ್ಟ.

ಮಕ್ಕಳೇ, ಆ ಮಾತು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಮುಂಜಾನೆ ಚಂದ ಕಾಣುತ್ತಿದ್ದುದು ಸಂಜೆಗೆ ಹೇಗೆ ಕೆಟ್ಟಿತು? ನಾನು ಅಳಲಿಲ್ಲ. ಪಾನಾ ತಂದು ದೀಪ ಬಿಚ್ಚಿದೆ, ಡೈನಮೊ ಬಿಚ್ಚಿದೆ, ಬ್ರೇಕಿನ ರಬ್ಬರೂ ಕಿತ್ತೆ. "ಸೈಕಲ್ ಅವ ಒಯ್ಯಲಿ. ನಾ ಮಾಡಿದ್ದು ನಾ ತಕ್ಕೊಂತೀನಿ" ಎಂದೆ. ಅಪ್ಪ ಕೈ ಎತ್ತಿದ.

ಅಕ್ಕ ನಡುವೆ ಬಂದು ನಿಂತಳು. ಅಪ್ಪನ ಎದುರು ಎಂದೂ ಬಾಯಿ ಬಿಡದ ಅಕ್ಕ! "ಅಪ್ಪಾ, ನನ್ನ ಸಾಲಿ ಬಿಡಿಸಿದಾಗೂ ನೀ ಹಿಂಗ ಅಂದಿದ್ದಿ. ನಾ ಸುಮ್ಮನ ಒಲಿ ಮುಂದ ಕುಂತೆ. ಇಕಿನ್ನ ಕುಂದ್ರಸಾಕ ನಾ ಬಿಡಂಗಿಲ್ಲ." ಅವಳು ನಿಂತಲ್ಲಿಂದ ಕದಲಲಿಲ್ಲ. ಅಪ್ಪನ ಕೈ ಕೆಳಗಿಳಿಯಿತು. ಅವನು ಊಟ ಮಾಡದೆ ಮಲಗಿದ.

ಮರುದಿನ ನಾನು ಏಳುವಷ್ಟರಲ್ಲಿ ಅಪ್ಪ ಅಂಗಳದಲ್ಲಿದ್ದ. ತಲೆಗೆ ಟವೆಲ್ ಸುತ್ತಿಕೊಂಡು, ಡೈನಮೊವನ್ನು ತಲೆಕೆಳಗಾಗಿ ಹಿಡಿದು ತಿಣುಕುತ್ತಿದ್ದ. "ಇದು ಯಾ ಕಡೆ ಕುಂದ್ರತೈತಿ? ಬಾ, ತೋರ್ಸು" ಎಂದ. ತಪ್ಪಾಯಿತೆಂದು ಅವನು ಹೇಳಲಿಲ್ಲ, ನಾನೂ ನಗಲಿಲ್ಲ. ಅವನು ಸೈಕಲ್ ಹಿಡಿದುಕೊಂಡ, ನಾನು ಒಂದೊಂದೇ ನಟ್ಟು ಬಿಗಿ ಮಾಡಿದೆ. ಅಣ್ಣ ಕಂಬಳಿಯೊಳಗಿಂದ ಇಣುಕಿ ಮತ್ತೆ ಮುಸುಕೆಳೆದುಕೊಂಡ.

ನಾನು ಸೈಕಲ್ ಹತ್ತಿ ಮಂಜಿನೊಳಗೆ ನುಗ್ಗಿದೆ. ರೆಪ್ಪೆಗಳ ಮೇಲೆ ಹನಿ ಕೂತವು, ಮೂಗು ಮರಗಟ್ಟಿತು. ಜೋರಾಗಿ ತುಳಿದಷ್ಟೂ ಮುಂದೆ ಬೆಳಕು ಹೆಚ್ಚುತ್ತಿತ್ತು. ಮೊದಲ ಗಂಟೆ ಬಾರಿಸುವ ಮೊದಲೇ ಶಾಲೆಯ ಗೇಟಿನಲ್ಲಿದ್ದೆ. ಆದರೆ ಸಿಟ್ಟು ಇಳಿದಿರಲಿಲ್ಲ. ಆ ಹೊತ್ತಿಗೆ ಅಕ್ಕ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಿನಗೂ ಶಾಲೆಗೆ ಹೋಗಬೇಕೇ ಎಂದು ಅವಳನ್ನು ಯಾರೂ ಕೇಳಲಿಲ್ಲ.

ಈಗ ಚಳಿ ಬಂದರೆ ನಿಮ್ಮಪ್ಪ ಕಾರಿನ ಗಾಜು ಏರಿಸಿ ನಿಮ್ಮಿಬ್ಬರನ್ನೂ ಶಾಲೆಗೆ ಬಿಟ್ಟು ಬರುತ್ತಾನೆ. ಅಣ್ಣ, ತಂಗಿ ಇಬ್ಬರೂ ಒಂದೇ ಶಾಲೆಗೆ ಹೋಗುತ್ತೀರಿ, ಒಳ್ಳೆಯದು. ಆದರೆ ಮುಂದಿನ ಸೀಟಿನಲ್ಲಿ ದಿನವೂ ಅಣ್ಣನೇ ಏಕೆ ಕೂಡಬೇಕು? ಕೇಳಿದರೆ, "ಅವನು ಹುಡುಗ ಅಲ್ವಾ ಅಜ್ಜಿ" ಎಂದು ತಂಗಿಯೇ ಹೇಳುತ್ತಾಳೆ! ನಾಳೆ ಅವಳು ಮುಂದೆ ಕೂಡಲಿ. ಕೂಡುವವರೆಗೂ ನಾನು ಕಾರಿನ ಮುಂದಿನಿಂದ ಸರಿಯುವುದಿಲ್ಲ.