ಕೊಳೆ ಹಚ್ಚಿ ತೊಳೆದ ಕಾರ್ಪೆಟ್

ನಮ್ಮ ಭಾವ ಕಾರ್ಪೆಟ್ ತೊಳೆಯುವವರು. ಮನೆ ಹಿಂದಿನ ಸಿಮೆಂಟ್ ಅಂಗಳ, ಒಂದು ನೀರಿನ ಪೈಪು, ಗಟ್ಟಿ ಬ್ರಷ್ಷು, ಇಷ್ಟೇ ಬಂಡವಾಳ. ಮಾತು ಕಡಿಮೆ, ಉಜ್ಜುವುದು ಜಾಸ್ತಿ. ಇಂಥವರನ್ನು ಕಟ್ಟಿಕೊಂಡು ಅಕ್ಕ ಹೇಗೆ ಬಾಳುತ್ತಾಳೋ ಎಂದು ನಾವೆಲ್ಲ ಆಡಿಕೊಂಡದ್ದುಂಟು. ಸುಳ್ಳು ಹೇಳುವುದಕ್ಕೂ ಬಾಯಿ ತೆರೆಯಬೇಕಲ್ಲ, ಹಾಗಾಗಿ ಭಾವ ಸುಳ್ಳೂ ಹೇಳಿದವರಲ್ಲ.

ಒಂದು ದಿನ ಅಕ್ಕ ಬಟ್ಟೆ ಒಣಹಾಕುತ್ತಾ, ಅವರು ತೊಳೆಯುವುದನ್ನು ಫೋನಿನಲ್ಲಿ ವಿಡಿಯೋ ಹಿಡಿದು ಸುಮ್ಮನೆ ಇಂಟರ್ನೆಟ್ಟಿಗೆ ಹಾಕಿದಳು. ಕಪ್ಪು ನೀರು ಹರಿದು ಅಡಿಯಿಂದ ಬಣ್ಣ ಏಳುವುದನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರು. 'ಮನಸ್ಸೇ ಹಗುರಾಯ್ತು' ಎಂದು ಯಾರೋ ಬರೆದರು. ಕೊಳೆ ಹೆಚ್ಚಿದಷ್ಟೂ ನೋಡುವವರು ಹೆಚ್ಚಿದರು. ಬರಬರುತ್ತಾ ತೊಳೆದ ಕೂಲಿಗಿಂತ ತೊಳೆಯುವುದನ್ನು ತೋರಿಸಿದ ಸಂಪಾದನೆಯೇ ದೊಡ್ಡದಾಯಿತು. ಆದರೆ ಇವರಿಗೋಸ್ಕರ ಯಾರಾದರೂ ಮನೆಯೊಳಗೆ ಕೆಸರು ತುಳಿಯುತ್ತಾರೆಯೇ? ಬರುವ ಕಾರ್ಪೆಟ್ಟಿನಲ್ಲಿ ಒಂದಿಷ್ಟು ಧೂಳು, ಅಷ್ಟೇ. ಭಾವ ಮಣ್ಣು ಕಲಸಿ, ಇದ್ದಿಲ ಪುಡಿ ಬೆರೆಸಿ, ಮೊದಲು ಬಳಿದು ಆಮೇಲೆ ತೊಳೆಯತೊಡಗಿದರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತನ್ನು ಇಷ್ಟು ಅಕ್ಷರಶಃ ನಂಬಿದವರನ್ನು ನಾನು ಬೇರೆ ಕಂಡಿಲ್ಲ. "ಫಳಫಳ ಮಾಡಿಯೇ ಕೊಡ್ತೀನಲ್ಲ, ಯಾರಿಗೇನು ನಷ್ಟ?" ಎನ್ನುತ್ತಿದ್ದರು. ನಾವೂ ಹೌದೆಂದೆವು.

ಒಂದು ಮಧ್ಯಾಹ್ನ ಪಾಪು ಆಂಟಿ ಬಂದರು. ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲೆಲ್ಲ ತಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಹೆಂಗಸು. ಅದೇ ಅವರ ಜೀವನ. ಬಾತುಕೋಳಿ ಚಿತ್ರದ ಅವರ ನೀಲಿ ಕಾರ್ಪೆಟ್ಟನ್ನು ಭಾವ ಆಗಷ್ಟೇ ತೊಳೆದು ಕೊಟ್ಟಿದ್ದರು, ವಿಡಿಯೋವೂ ಚೆನ್ನಾಗಿ ಓಡುತ್ತಿತ್ತು. ಜಗಳಕ್ಕೆ ಬಂದರೆಂದು ಭಾವ ಎದ್ದು ನಿಂತರು.

"ಬೇಜಾರು ಮಾಡ್ಕೋಬೇಡಪ್ಪ," ಎಂದರು ಆಂಟಿ. "ಅಷ್ಟು ಗಲೀಜು ನಿನ್ನ ಕೈಲಿ ತೊಳೆಸಿಬಿಟ್ಟೆ. ದಿನಾ ಗುಡಿಸ್ತೀನಿ, ಕೊಡವ್ತೀನಿ. ಆದ್ರೂ ಅಷ್ಟು ಕೊಳೆ ಎಲ್ಲಿ ಕೂತಿತ್ತೋ. ಆ ಕೂಸುಗಳನ್ನ ಅದರ ಮೇಲೇ ಮಲಗಿಸ್ತಿದ್ನಲ್ಲ."

ವಿಡಿಯೋದಲ್ಲಿ ಬಾತುಕೋಳಿಯ ಗುರುತು ಹಿಡಿದ ತಾಯಂದಿರು ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿಕೊಂಡಿದ್ದರಂತೆ. ಮನೆ ಖಾಲಿಯಂತೆ. ಕುಂಬಳಕಾಯಿ ಕದ್ದವರು ಭಾವ, ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದವರು ಆಂಟಿ.

ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಭಾವ ಎಲ್ಲ ಹೇಳಿದರು, ಮಣ್ಣು ಕಲಸುವ ಬಕೆಟ್ಟನ್ನೂ ತೋರಿಸಿದರು. ಆಂಟಿ ಬೈದಿದ್ದರೆ ನಮಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಬಕೆಟ್ಟನ್ನೇ ನೋಡುತ್ತಾ ನಿಂತು, "ಇದನ್ನ ಆ ತಾಯಂದಿರಿಗೆ ಹೇಳ್ತೀಯಾ?" ಎಂದು ಕೇಳಿದರು.

ಮನೆ ತೋರಿಸಲು ಆಂಟಿ ಬಂದರು, ಧೈರ್ಯಕ್ಕೆಂದು ಭಾವ ನನ್ನನ್ನೂ ಕರೆದುಕೊಂಡು ಹೊರಟರು. ಮೊದಲ ಮನೆಯಾಕೆ ಬಾಗಿಲು ತೆಗೆದವಳೇ ಭಾವನ ಗುರುತು ಹಿಡಿದಳು.

"ಅಯ್ಯೋ, ನೀವೇ ಅಲ್ವಾ? ನಿಮ್ಮ ವಿಡಿಯೋ ನೋಡದೆ ನಾನು ಮಲಗೋದೇ ಇಲ್ಲ."

ಭಾವನ ಕಿವಿ ಕೆಂಪಾಯಿತು. ನೆಲ ನೋಡಿಕೊಂಡೇ ಹೇಳಿದರು. "ಆ ಕೊಳೆ ನಾನೇ ಹಚ್ಚಿದ್ದು ತಾಯಿ. ಕಾರ್ಪೆಟ್ಟು ಚೆನ್ನಾಗೇ ಇತ್ತು. ಆಂಟಿದು ಏನೂ ತಪ್ಪಿಲ್ಲ."

ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹಿಂದೆ ನಿಂತಿದ್ದ ಆಂಟಿಯ ಕಡೆ ನೋಡಿದಳು. "ಏನ್ ಆಂಟಿ, ಪಾಪ ಇವರ ಬಾಯಲ್ಲಿ ಇದನ್ನೆಲ್ಲ ಹೇಳಿಸ್ಬೇಕಿತ್ತಾ? ಒಳ್ಳೆಯವರು ಅಂತ ನಿಮಗೋಸ್ಕರ ತಪ್ಪು ತಮ್ಮ ಮೇಲೆ ಹಾಕ್ಕೊಳ್ತಿದಾರೆ." ಭಾವನಿಗೆ ಫೋನ್ ತೋರಿಸಿ, "ಒಂದು ಫೋಟೋ ತಗೊಳ್ಲಾ?" ಎಂದಳು.

ಬೀದಿಗೆ ಇಳಿದೆವು. ಮುಂದಿನ ಮನೆ ಯಾವುದು ಎಂದು ಭಾವ ಮೆಲ್ಲಗೆ ಕೇಳಿದರು.

"ಬೇಡಪ್ಪ," ಎಂದರು ಆಂಟಿ. "ನೀನು ಹೇಳಿದಷ್ಟೂ ಗಲೀಜಾಗೋಳು ನಾನೇ."