ಒಂದು ನಂಬರ್ ದೊಡ್ಡ ಬೂಟು

ಅಂಕಲ್ ಅವರ ಎಡಗಾಲಿನಲ್ಲಿ ಮೂರೇ ಬೆರಳು. ಮಿಕ್ಕೆರಡನ್ನು ಹಿಮ ತಿಂದಿತ್ತು. ಪರದೇಶಕ್ಕೆ ಬಂದ ಹೊಸದರಲ್ಲಿ ಥಾರ್ನ್ಲಿಯ ಅವರ ಮನೆಗೆ ಮೊದಲ ಸಲ ಊಟಕ್ಕೆ ಹೋದಾಗ, ಬೇಡವೆಂದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. "ನೋಡ್ಕೋ, ನಾಚ್ಕೋಬೇಡ. ತಪ್ಪು ಬೂಟು ತಗೊಂಡಿದ್ದಕ್ಕೆ ಹಿಂಗಾಯ್ತು," ಎಂದು ನಕ್ಕರು.

ನಮ್ಮ ಕಡೆಯವರೇ ಆದ ಅಂಕಲ್ ಅಲ್ಲೇ ಹತ್ತಿರದ ವೆಲ್ಷ್‌ಪೂಲಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಚಳಿಗಾಲ ಬಂತೆಂದರೆ ರಜೆ ಹಾಕಿ ದೇಶದ ಇನ್ನೊಂದು ತುದಿಯ ವಿಕ್ಟೋರಿಯಾದ ಹಿಮಬೆಟ್ಟಗಳಿಗೆ ಹಾರುವುದು ಅವರ ಹುಚ್ಚು. ಹಿಮದ ಮೇಲೆ ಜಾರುವ ಅವರ ಹಲಗೆ, ಸ್ಪ್ಲಿಟ್‌ಬೋರ್ಡ್, ಉದ್ದಕ್ಕೆ ಎರಡು ಸೀಳಾಗುತ್ತಿತ್ತು. ಕಾಲಿಗೊಂದು ಕಟ್ಟಿಕೊಂಡು ಹತ್ತಬೇಕು, ತುದಿಯಲ್ಲಿ ಜೋಡಿಸಿ ಜಾರಿಕೊಂಡು ಇಳಿಯಬೇಕು. ಒಂದು ಶಿಖರ ಮಾತ್ರ ಅವರಿಗೆ ಮೂರು ಸಲ ಕೈಕೊಟ್ಟಿತ್ತು. ಮಂಡಿ ಸವೆದಿತ್ತು, ಬೆಟ್ಟ ಹತ್ತಲು ಇದೇ ಕೊನೆಯ ಚಳಿಗಾಲವೆಂದು ಡಾಕ್ಟರು ಹೇಳಿಯಾಗಿತ್ತು. ನಾನೂ ಬರುತ್ತೇನೆಂದೆ.

"ಮೊದ್ಲು ಬೂಟು," ಎಂದರು. ಅಂಗಡಿಯಲ್ಲಿ ಒಂದು ಗಂಟೆ ನನ್ನನ್ನು ಮಂಡಿ ಬಗ್ಗಿಸಿ ನಿಲ್ಲಿಸಿದರು. ಹಿಮ್ಮಡಿ ಕೂದಲೆಳೆಯಷ್ಟೂ ಏಳಬಾರದು, ಬೆರಳು ಮುಂದೆ ಮುಟ್ಟಿಯೂ ಮುಟ್ಟದಂತಿರಬೇಕು. ಅವರು ಆರಿಸಿದ್ದು ನನಗೆ ಬಿಗಿ ಅನಿಸಿತು. ಮೈಸೂರಿನಲ್ಲಿ ನಮ್ಮಮ್ಮ ಶಾಲೆಯ ಬೂಟನ್ನು ಯಾವಾಗಲೂ ಒಂದು ನಂಬರ್ ದೊಡ್ಡದೇ ಕೊಡಿಸುತ್ತಿದ್ದಳು. ಆ ಬುದ್ಧಿ ಎಲ್ಲಿ ಹೋಗುತ್ತದೆ? ಮರುದಿನ ಅವರಿಗೆ ಹೇಳದೆ ದೊಡ್ಡ ನಂಬರಿಗೆ ಬದಲಾಯಿಸಿಕೊಂಡು ಬಂದೆ. ಸಡಿಲವಾದರೆ ಎರಡು ಜೊತೆ ಸಾಕ್ಸ್ ಇದೆಯಲ್ಲ!

ಏರು ಹತ್ತಿದ ಎರಡನೇ ಗಂಟೆಗೆ ಹಿಮ್ಮಡಿ ಸುಲಿಯಿತು. ಮೂರನೇ ಗಂಟೆಗೆ ನೋವೇ ನಿಂತುಹೋಯಿತು. ಹೆದರಿಕೆ ಶುರುವಾಗಿದ್ದು ಆಗ. ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಶಿಖರ ಎದುರಿಗೇ ಇತ್ತು, ಇನ್ನು ಅರ್ಧ ಗಂಟೆ. ಅವರ ಆಸೆಗೆ ಕಲ್ಲು ಹಾಕಬಾರದೆಂದು ಹಲ್ಲು ಕಚ್ಚಿಕೊಂಡು ನಡೆದೆ. ಗಟ್ಟಿ ಹಿಮದ ಮೇಲೆ ಬೂಟಿನೊಳಗೇ ಕಾಲು ತಿರುಗಿ ಬಿದ್ದೆ, ಜಾರಿದೆ. ಅಂಕಲ್ ನನ್ನ ಬೆನ್ನಚೀಲ ಹಿಡಿದು ನಿಲ್ಲಿಸಿದರು.

ಬೂಟು ಬಿಚ್ಚಿದರು. ಒದ್ದೆಯಾದ ಎರಡು ಜೊತೆ ಸಾಕ್ಸ್. ನಂಬರ್ ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಜಾಕೆಟ್ ಎತ್ತಿ ನನ್ನ ಪಾದಗಳನ್ನು ಬರಿಹೊಟ್ಟೆಗೆ ಒತ್ತಿಕೊಂಡರು.

"ಬೆರಳು ಆಡ್ಸು."

ಆಡಲಿಲ್ಲ.

"ಆಡ್ಸೋ, ಮಹರಾಯ!"

ತುಂಬ ಹೊತ್ತಿನ ಮೇಲೆ ಹೆಬ್ಬೆರಳು ಮಿಸುಕಿತು. ಅಂಕಲ್ ಕಣ್ಣು ಮುಚ್ಚಿ ಉಸಿರು ಬಿಟ್ಟರು.

"ನೀವು ಹೋಗ್ಬನ್ನಿ ಅಂಕಲ್, ನಾನು ಇಲ್ಲೇ ಇರ್ತೀನಿ," ಎಂದೆ.

"ಬಾಯ್ಮುಚ್ಕೊಂಡು ನಡಿ," ಎಂದವರು ತಮ್ಮ ಚೀಲದಲ್ಲಿದ್ದ ಒಣ ಸಾಕ್ಸ್ ನನಗೆ ತೊಡಿಸಿ ಇಳಿಯತೊಡಗಿದರು.

ಮನೆಯಲ್ಲಿ ಆಂಟಿ ಕೇಳಿದಾಗ, "ಹವಾ ಕೆಟ್ಟೋಯ್ತು ಕಣೇ, ವಾಪಸ್ ಬಂದ್ಬಿಟ್ವಿ," ಎಂದರು. ನಾನು ಪಕ್ಕದಲ್ಲೇ ನಿಂತು ತಲೆಯಾಡಿಸಿದೆ.

ಆಮೇಲೆ ಅವರು ಬೆಟ್ಟ ಹತ್ತಲಿಲ್ಲ. ಕಳೆದ ವರ್ಷ ಹೃದಯಾಘಾತವಾಗಿ ತೀರಿಕೊಂಡರು. ಮೊನ್ನೆ ತಿಥಿಯ ದಿನ ಆಂಟಿ, "ಅವತ್ತೊಂದಿನ ಹವಾ ಚೆನ್ನಾಗಿದ್ದಿದ್ರೆ ಅವರಾಸೆ ತೀರ್ತಿತ್ತು ನೋಡು," ಎಂದು ನನ್ನೆದುರಿಗೇ ಅತ್ತರು.

ಅವತ್ತು ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ, ಆಂಟಿ.